ಎಫ್1 ಕಾರಿನ ಸ್ಟಿಯರಿಂಗ್ ಚಕ್ರ: ಗುಂಡಿ, ರೋಟರಿ, ಪ್ಯಾಡಲ್‌ಗಳನ್ನು ಹಂತಹಂತವಾಗಿ ಕಲಿಯುವ ಸಮಗ್ರ ಮಾರ್ಗದರ್ಶಿ

ಫಾರ್ಮುಲಾ ಒನ್, ಅಂದರೆ ಎಫ್1 ಓಟದ ಕಾರಿನ ಸ್ಟಿಯರಿಂಗ್ ಚಕ್ರದ ಚಿತ್ರವನ್ನು ಮೊದಲ ಸಲ ನೋಡಿದವರು ಸಾಮಾನ್ಯವಾಗಿ ಎಡಗಡೆಯ ಮೇಲ್ತುದಿಯಿಂದ ಶುರುಮಾಡಿ ಒಂದೊಂದೇ ಗುಂಡಿಯ ಹೆಸರನ್ನು ಬಾಯಿಪಾಠ ಮಾಡಲು ಹೊರಡುತ್ತಾರೆ. ಮನೆಯ ಸಿಮ್ಯುಲೇಟರ್ (ಕಾರು ಓಟವನ್ನು ಅನುಕರಿಸುವ ಕಂಪ್ಯೂಟರ್ ಆಟ) ಮುಂದೆ ಕುಳಿತು ಕಲಿಯತೊಡಗಿದಾಗ ನಾನೂ ಅದನ್ನೇ ಮಾಡಿದ್ದೆ. ಚಿತ್ರವನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಂಡು ಒಂದು ವಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರುಗಳನ್ನು ಕಂಠಪಾಠ ಮಾಡಿದೆ. ಆದರೆ ಓಟದ ಮೊದಲ ತಿರುವಿನಲ್ಲಿ ಬೇಕಾದ ಗುಂಡಿ ಬೆರಳಿಗೆ ಸಿಗಲೇ ಇಲ್ಲ. ಹೆಸರು ಗೊತ್ತಿರುವುದಕ್ಕೂ ಹೊತ್ತಿಗೆ ಸರಿಯಾಗಿ ಬೆರಳು ಅಲ್ಲಿಗೆ ಹೋಗುವುದಕ್ಕೂ ಸಂಬಂಧವಿಲ್ಲವೆಂದು ಆಗ ತಿಳಿಯಿತು.

ಈ ಚಕ್ರವನ್ನು ವಿನ್ಯಾಸ ಮಾಡುವವರು ಗುಂಡಿಗಳನ್ನು ಹೊಂದಿಸುವುದು ಬಿಡುವಿನ ಲೆಕ್ಕದಲ್ಲಿ. ಯಾವುದನ್ನು ಕೈ ಸಡಿಲಿಸದೆ, ಕಣ್ಣು ತಿರುಗಿಸದೆ ಒತ್ತಬೇಕು, ಯಾವುದನ್ನು ನೇರ ಹಾದಿಯಲ್ಲಿ ಒಂದು ಕ್ಷಣ ಬಿಡುವು ಸಿಕ್ಕಾಗ ತಿರುಗಿಸಬಹುದು, ಯಾವುದನ್ನು ಇಂಜಿನಿಯರ್ ಹೇಳದ ಹೊರತು ಮುಟ್ಟಲೇಬಾರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ, ಯಾವ ತಂಡದ ಚಕ್ರವನ್ನು ಕೈಗೆ ಕೊಟ್ಟರೂ ಅರ್ಧ ಗಂಟೆಯಲ್ಲಿ ಅದರ ಮರ್ಮ ಹಿಡಿಯಬಹುದು. ಈ ಮಾರ್ಗದರ್ಶಿ ಅದೇ ದಾರಿಯಲ್ಲಿ ಸಾಗುತ್ತದೆ. ಗುಂಡಿಗಳ ಜಾಗ, ಬಣ್ಣ ಮತ್ತು ಹೆಸರು ತಂಡದಿಂದ ತಂಡಕ್ಕೆ, ಒಂದೇ ತಂಡದಲ್ಲಿ ಚಾಲಕನಿಂದ ಚಾಲಕನಿಗೆ ಬದಲಾಗುವುದರಿಂದ ಇಲ್ಲಿ ಯಾವುದೋ ಒಂದು ಚಕ್ರದ ನಕ್ಷೆಯನ್ನು ಕೊಡುತ್ತಿಲ್ಲ. ವಿವರಣೆಗೆ ಆಧಾರವಾಗಿ 2014ರಿಂದ 2025ರವರೆಗಿನ 1.6 ಲೀಟರ್ ವಿ6 ಟರ್ಬೊ ಹೈಬ್ರಿಡ್ (ಇಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇರುವ) ಕಾರುಗಳನ್ನು ಇಟ್ಟುಕೊಂಡಿದ್ದೇನೆ. 2026ರ ನಿಯಮಗಳಿಂದ ಆದ ಮುಖ್ಯ ಬದಲಾವಣೆಗಳನ್ನು ಆಯಾ ಜಾಗದಲ್ಲಿ ಹೇಳುತ್ತೇನೆ.

ಮೊದಲ ಹಂತ: ಕೈ ಎಲ್ಲಿರುತ್ತದೆ ಎಂಬುದನ್ನು ಗಮನಿಸುವುದು

ಹೆಸರಿಗೆ ಚಕ್ರವಾದರೂ ಇದು ದುಂಡಗಿಲ್ಲ. ಮೇಲಿನ ಮತ್ತು ಕೆಳಗಿನ ಕಮಾನುಗಳನ್ನು ಕತ್ತರಿಸಿ, ಎರಡು ಬದಿಗೆ ಹಿಡಿಕೆಗಳನ್ನು ಉಳಿಸಿಕೊಂಡ ಆಯತಾಕಾರದ ಕಾರ್ಬನ್ ಫೈಬರ್ ಪೆಟ್ಟಿಗೆ ಎನ್ನುವುದೇ ಸರಿ. ನಮ್ಮ ರಸ್ತೆಯ ಕಾರುಗಳಲ್ಲಿ ಚಕ್ರವನ್ನು ಎರಡು ಮೂರು ಸುತ್ತು ತಿರುಗಿಸಬೇಕಾಗುತ್ತದೆ, ಹಾಗಾಗಿ ಕೈ ಬದಲಾಯಿಸುತ್ತ ಹೋಗಲು ಪೂರ್ತಿ ದುಂಡು ಬೇಕು. ಎಫ್1 ಕಾರಿನಲ್ಲಿ ಅತಿ ಬಿಗಿಯಾದ ತಿರುವಿಗೂ ಅರ್ಧ ಸುತ್ತಿನ ಆಸುಪಾಸು ಸಾಕು. ಆದ್ದರಿಂದ ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದ ಕೈಗಳು ಓಟ ಮುಗಿಯುವವರೆಗೂ ಅಲ್ಲಿಯೇ ಇರುತ್ತವೆ. ಹಿಡಿಕೆಯ ಅಚ್ಚನ್ನು ಚಾಲಕನ ಅಂಗೈಗೆ ಹೊಂದುವಂತೆ ತೆಗೆಯುವುದೂ ಇದಕ್ಕಾಗಿಯೇ.

ಹೀಗೆ ಕೈ ಊರಿ ಕುಳಿತಾಗ ಹೆಬ್ಬೆರಳು ಮುಂಭಾಗದಲ್ಲಿ ಎಷ್ಟು ದೂರ ಚಾಚುತ್ತದೋ ಅದು ಮೊದಲ ವಲಯ. ಉಳಿದ ನಾಲ್ಕು ಬೆರಳುಗಳು ಹಿಂಭಾಗದಲ್ಲಿ ಮುಟ್ಟುವ ಪ್ಯಾಡಲ್‌ಗಳೂ (ಬೆರಳಿನಿಂದ ಎಳೆಯುವ ಚಪ್ಪಟೆ ಸನ್ನೆಗಳು) ಇದೇ ವಲಯಕ್ಕೆ ಸೇರುತ್ತವೆ. ಹಿಡಿತವನ್ನು ತುಸು ಸಡಿಲಿಸಿದರೆ ಮಾತ್ರ ಸಿಗುವ ನಡುಭಾಗ ಎರಡನೆಯ ವಲಯ. ಪೂರ್ತಿ ಕೈಯನ್ನೇ ಎತ್ತಿ ತಿರುಗಿಸಬೇಕಾದ ಕೆಳನಡುವಿನ ರೋಟರಿಗಳು ಮೂರನೆಯ ವಲಯ. ಯಾವುದೇ ಚಕ್ರದ ಚಿತ್ರ ಸಿಕ್ಕಾಗ ಪೆನ್ಸಿಲಿನಿಂದ ಈ ಮೂರು ವಲಯಗಳನ್ನು ಮೊದಲು ಗುರುತು ಮಾಡಿಕೊಳ್ಳಿ, ಆಮೇಲೆ ಹೆಸರು ಓದಿ. ಒಂದು ಗುಂಡಿಯ ಕೆಲಸ ಎಷ್ಟು ತುರ್ತಿನದು ಎಂಬುದನ್ನು ಅದರ ಜಾಗವೇ ಮುಕ್ಕಾಲು ಪಾಲು ಹೇಳಿಬಿಡುತ್ತದೆ.

ಎರಡನೆಯ ಹಂತ: ಚಕ್ರದ ಹಿಂದಿನ ಪ್ಯಾಡಲ್‌ಗಳು

ಚಕ್ರದ ಹಿಂಭಾಗದಲ್ಲಿ ಬಲಗಡೆಯ ಪ್ಯಾಡಲ್ ಎಳೆದರೆ ಗೇರು ಏರುತ್ತದೆ, ಎಡಗಡೆಯದನ್ನು ಎಳೆದರೆ ಇಳಿಯುತ್ತದೆ. ಮುಂದಕ್ಕೆ ಎಂಟು ಗೇರುಗಳಿವೆ. ಗೇರು ಬದಲಿಸಲು ಕ್ಲಚ್ ಮುಟ್ಟಬೇಕಾಗಿಲ್ಲ. ಆ ಕೆಲಸವನ್ನು ವಿದ್ಯುನ್ಮಾನ ವ್ಯವಸ್ಥೆಯೇ ಮಾಡುತ್ತದೆ. ವೇಗ ಇನ್ನೂ ಹೆಚ್ಚಿರುವಾಗ ಅವಸರದಲ್ಲಿ ಕೆಳಗಿನ ಗೇರು ಕೇಳಿದರೆ ಇಂಜಿನ್ ಮಿತಿಮೀರಿ ತಿರುಗೀತೆಂದು ವ್ಯವಸ್ಥೆ ಆ ಕೋರಿಕೆಯನ್ನು ನಿರಾಕರಿಸುತ್ತದೆ, ಮತ್ತೆ ಎಳೆಯಬೇಕಾಗುತ್ತದೆ. ಹೊಸಬರು ಗೇರು ಇಳಿಯಿತೆಂದು ನಂಬಿ ತಿರುವಿಗೆ ನುಗ್ಗಿ, ಒಂದು ಗೇರು ಹೆಚ್ಚಿಟ್ಟುಕೊಂಡೇ ಹೊರಬರುವುದು ಈ ಕಾರಣಕ್ಕೆ.

ಈ ಪ್ಯಾಡಲ್‌ಗಳ ಇತಿಹಾಸವನ್ನು ಒಂದೆರಡು ಸಾಲಿನಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಇಂದಿನ ಚಕ್ರದ ಮೂಲ ಅಲ್ಲಿದೆ. ಜಾನ್ ಬರ್ನಾರ್ಡ್ ವಿನ್ಯಾಸಗೊಳಿಸಿದ ಫೆರಾರಿ 640 ಕಾರು 1989ರಲ್ಲಿ ಪ್ಯಾಡಲ್ ಗೇರನ್ನು ಎಫ್1ಗೆ ತಂದಿತು. ಅದು ಒಂದು ಓಟ ಮುಗಿಸುವುದೂ ಅನುಮಾನವೆಂದು ತಂಡದವರೇ ಅಂದುಕೊಂಡಿದ್ದ ಆ ಹೊತ್ತಿನಲ್ಲಿ, ವರ್ಷದ ಮೊದಲ ಓಟವಾದ ಬ್ರೆಜಿಲ್ ಗ್ರ್ಯಾನ್ ಪ್ರಿಯನ್ನು ನೈಜೆಲ್ ಮ್ಯಾನ್ಸೆಲ್ ಅದರಲ್ಲೇ ಗೆದ್ದರು. ಗೆಲ್ಲುವ ಮುನ್ನ, ಸಡಿಲವಾಗಿದ್ದ ಸ್ಟಿಯರಿಂಗ್ ಚಕ್ರವನ್ನೇ ಪಿಟ್‌ನಲ್ಲಿ (ಓಟದ ನಡುವೆ ಟೈರು ಬದಲಾವಣೆಗೆ, ದುರಸ್ತಿಗೆ ಕಾರು ನಿಲ್ಲುವ ಜಾಗ) ಬದಲಿಸಿಕೊಂಡಿದ್ದರು. ಗೇರಿನ ಸನ್ನೆಕೋಲು ಹೋದ ಮೇಲೆ ಬಲಗೈ ಚಕ್ರವನ್ನು ಬಿಡುವ ಅಗತ್ಯ ಉಳಿಯಲಿಲ್ಲ, ಬಿಡದ ಕೈಗೆ ಹೊಸ ಹೊಸ ಕೆಲಸಗಳು ಬಂದು ಸೇರಿಕೊಂಡವು.

ಗೇರು ಪ್ಯಾಡಲ್‌ಗಳ ಕೆಳಗೆ ಕ್ಲಚ್ ಪ್ಯಾಡಲ್ ಇರುತ್ತದೆ. ಇದರ ಬಳಕೆ ಓಟದ ಆರಂಭದಲ್ಲಿ, ಪಿಟ್‌ನಲ್ಲಿ ನಿಂತು ಹೊರಡುವಾಗ ಮತ್ತು ಕಾರು ಗಿರಕಿ ಹೊಡೆದಾಗ ಮಾತ್ರ. ಗಿರಕಿ ಹೊಡೆದು ಇಂಜಿನ್ ನಿಲ್ಲುವಂತಾದಾಗ ವ್ಯವಸ್ಥೆ ತಾನಾಗಿಯೇ ಕ್ಲಚ್ ಬಿಡಿಸಿ ಇಂಜಿನ್ ಉಳಿಸುತ್ತದೆ. ಇದನ್ನು ಆ್ಯಂಟಿ ಸ್ಟಾಲ್ ಎನ್ನುತ್ತಾರೆ. ಅದರಿಂದ ಹೊರಬರಲು ಚಾಲಕ ಕ್ಲಚ್ ಪ್ಯಾಡಲನ್ನು ಒಮ್ಮೆ ಎಳೆದು ಬಿಡಬೇಕು. ಹತ್ತಿರ ಬರುವ ಬೇರೆ ಕಾರುಗಳನ್ನು ನೋಡುತ್ತ ಇದನ್ನು ಮರೆತರೆ, ಇಂಜಿನ್ ಕೂಗುತ್ತಿದ್ದರೂ ಕಾರು ಮುಂದೆ ಹೋಗುವುದಿಲ್ಲ.

ಮೂರನೆಯ ಹಂತ: ಹೆಬ್ಬೆರಳಿನ ಗುಂಡಿಗಳು

ಮೊದಲ ವಲಯದ ಮುಂಭಾಗದಲ್ಲಿ ಸಾಮಾನ್ಯವಾಗಿ ಎಂಟರಿಂದ ಹತ್ತು ಒತ್ತುಗುಂಡಿಗಳಿರುತ್ತವೆ. ಅವುಗಳಲ್ಲಿ ಕೆಲವು ಎಲ್ಲ ತಂಡಗಳಲ್ಲೂ ಕಾಣಸಿಗುತ್ತವೆ: ರೇಡಿಯೊದಲ್ಲಿ ಮಾತಾಡಲು ಒಂದು, ಹೆಲ್ಮೆಟ್ಟಿನ ಕೊಳವೆಗೆ ನೀರು ಹರಿಸಲು ಒಂದು, ಪಿಟ್ ವೇಗಮಿತಿಗೆ ಒಂದು, ಗೇರನ್ನು ನ್ಯೂಟ್ರಲ್‌ಗೆ ತರಲು ಒಂದು, ಬ್ಯಾಟರಿಯ ಪೂರ್ಣ ಬಲವನ್ನು ಕೇಳಲು ಒಂದು, ಇಂಜಿನಿಯರ್ ಹೇಳಿದ್ದು ತಿಳಿಯಿತೆಂದು ಮಾತಿಲ್ಲದೆ ಖಚಿತಪಡಿಸಲು ಒಂದು. ಇವುಗಳನ್ನು ಕಲಿಯಲು ಹೆಚ್ಚು ಹೊತ್ತು ಬೇಡ.

ಹೆಚ್ಚು ಗಮನ ಬೇಕಾದದ್ದು ಬ್ರೇಕ್ ಹಂಚಿಕೆಯ ಗುಂಡಿಗಳಿಗೆ. ಒಟ್ಟು ಬ್ರೇಕ್ ಬಲದಲ್ಲಿ ಮುಂದಿನ ಗಾಲಿಗಳಿಗೆ ಎಷ್ಟು, ಹಿಂದಿನ ಗಾಲಿಗಳಿಗೆ ಎಷ್ಟು ಎಂಬುದನ್ನು ಚಾಲಕ ಒಂದೇ ಸುತ್ತಿನಲ್ಲಿ ಹಲವು ಸಲ ಬದಲಿಸುತ್ತಾನೆ. ಮುಂದಿನ ಪಾಲು ಶೇಕಡಾ 55ರ ಆಸುಪಾಸಿನಲ್ಲಿರುತ್ತದೆಂದು ಇಟ್ಟುಕೊಂಡರೆ, ಒಂದೊಂದು ಒತ್ತಿಗೆ ಅದು ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ಏಕೆ ಸರಿಸಬೇಕು ಎಂಬುದು ತಿಳಿದರೆ ಯಾವಾಗ ಸರಿಸಬೇಕು ಎಂಬುದನ್ನು ಉರುಹೊಡೆಯಬೇಕಾಗುವುದಿಲ್ಲ. ಅತಿವೇಗದಲ್ಲಿ ಗಾಳಿಯ ಒತ್ತಡ ಕಾರನ್ನು ನೆಲಕ್ಕೆ ಅದುಮಿರುತ್ತದೆ, ಬ್ರೇಕ್ ಒತ್ತಿದಾಗ ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಆಗ ಮುಂದಿನ ಟೈರುಗಳು ಹೆಚ್ಚು ಬಲವನ್ನು ತಾಳಿಕೊಳ್ಳುತ್ತವೆ. ವೇಗ ಇಳಿದಂತೆ ಗಾಳಿಯ ಒತ್ತಡ ಕರಗುತ್ತದೆ, ಮುಂದಕ್ಕೆ ವಾಲಿದ ಭಾರವೂ ಕಡಿಮೆಯಾಗುತ್ತದೆ. ಬ್ರೇಕ್ ಬಲ ಮಾತ್ರ ಮುಂದಕ್ಕೇ ಉಳಿದಿದ್ದರೆ ಮುಂದಿನ ಗಾಲಿ ತಿರುಗುವುದನ್ನು ನಿಲ್ಲಿಸಿ ಜಾರುತ್ತದೆ, ಟೈರಿನಿಂದ ಹೊಗೆ ಏಳುತ್ತದೆ. ಬ್ರೇಕ್ ಪೆಡಲ್ ಸಡಿಲಿಸುತ್ತ ಬಂದಂತೆ ಬಲವನ್ನು ತಾನಾಗಿ ಹಿಂದಕ್ಕೆ ಸರಿಸುವ ವ್ಯವಸ್ಥೆಯೂ ಇದೆ. ಅದಕ್ಕೆ ಬ್ರೇಕ್ ಮೈಗ್ರೇಷನ್ ಎಂದು ಹೆಸರು. ಅದು ಎಷ್ಟು ಸರಿಯಬೇಕೆಂಬುದನ್ನು ಹೊಂದಿಸಲು ಬೇರೆ ರೋಟರಿ ಇರುತ್ತದೆ. ಬ್ರೇಕ್ ಹಂಚಿಕೆಯ ಗುಂಡಿಗಳು, ಅಥವಾ ಕೆಲವು ಚಕ್ರಗಳಲ್ಲಿರುವ ಹೆಬ್ಬೆರಳಿನಿಂದ ಉರುಳಿಸುವ ಪುಟ್ಟ ಗಾಲಿ, ಹಿಡಿಕೆಗೆ ತಾಗಿಕೊಂಡೇ ಇರುವುದರ ಕಾರಣ ಈಗ ಸ್ಪಷ್ಟವಾಗಿರಬೇಕು: ಎರಡು ತಿರುವುಗಳ ನಡುವಿನ ಒಂದೆರಡು ಸೆಕೆಂಡಿನಲ್ಲಿ, ಕಣ್ಣು ಮುಂದಿನ ತಿರುವಿನ ಮೇಲಿರುವಾಗಲೇ ಈ ಕೆಲಸ ಮುಗಿಯಬೇಕು.

ಡಿಆರ್‌ಎಸ್ (ಗಾಳಿಯ ತಡೆಯನ್ನು ತಗ್ಗಿಸಿ ವೇಗ ಹೆಚ್ಚಿಸುವ ವ್ಯವಸ್ಥೆ) ಗುಂಡಿ 2011ರಿಂದ 2025ರವರೆಗೆ ಇದೇ ವಲಯದಲ್ಲಿತ್ತು. ಓಟದಲ್ಲಿ ಗುರುತಿಸಿದ ಜಾಗದಲ್ಲಿ ಮುಂದಿನ ಕಾರಿಗೆ ಒಂದು ಸೆಕೆಂಡಿಗಿಂತ ಕಡಿಮೆ ಅಂತರವಿದ್ದರೆ, ನಿಗದಿತ ನೇರ ಹಾದಿಯಲ್ಲಿ ಇದನ್ನು ಒತ್ತಿ ಹಿಂದಿನ ರೆಕ್ಕೆಯ ಹಲಗೆಯನ್ನು ತೆರೆಯಬಹುದಿತ್ತು. ಬ್ರೇಕ್ ಮುಟ್ಟಿದೊಡನೆ ಅದು ಮುಚ್ಚಿಕೊಳ್ಳುತ್ತಿತ್ತು. 2026ರ ಕಾರುಗಳಲ್ಲಿ ಡಿಆರ್‌ಎಸ್ ಇಲ್ಲ. ಮುಂದಿನ ಮತ್ತು ಹಿಂದಿನ ರೆಕ್ಕೆಗಳೆರಡೂ ನೇರ ಹಾದಿಗೊಂದು, ತಿರುವಿಗೊಂದು ಭಂಗಿ ತಾಳುವ ವ್ಯವಸ್ಥೆ ಬಂದಿದೆ, ಹಿಂದಟ್ಟುವ ಕಾರಿಗೆ ಹೆಚ್ಚುವರಿ ವಿದ್ಯುತ್ ಬಲದ ನೆರವು ಸಿಗುತ್ತದೆ. ಗುಂಡಿಯ ಕೆಲಸ ಬದಲಾದರೂ ಹೆಬ್ಬೆರಳಿಗೆ ಬಿಡುವು ಸಿಕ್ಕಿಲ್ಲ.

ನಾಲ್ಕನೆಯ ಹಂತ: ರೋಟರಿಗಳು

ತಿರುಗಿಸುವ ಗುಂಡಿಗಳನ್ನು ರೋಟರಿ ಎಂದೇ ಕರೆಯುತ್ತಾರೆ. ಒಂದೊಂದಕ್ಕೂ ಹತ್ತೋ ಹನ್ನೆರಡೋ ಸ್ಥಾನಗಳಿರುತ್ತವೆ, ಪ್ರತಿ ಸ್ಥಾನಕ್ಕೂ ಬೆರಳಿಗೆ ಗಟ್ಟಿಯಾಗಿ ತಿಳಿಯುವ ಟಕ್ ಎಂಬ ತಡೆ ಇರುತ್ತದೆ. ದಪ್ಪ ಕೈಗವಸಿನ ಮೂಲಕ, ಕಾರು ನಡುಗುತ್ತಿರುವಾಗ ಎಣಿಸಿಕೊಂಡು ತಿರುಗಿಸಬೇಕಾದ್ದರಿಂದ ಆ ತಡೆ ನಮ್ಮ ಮನೆಯ ಫ್ಯಾನ್ ರೆಗ್ಯುಲೇಟರಿನ ತಡೆಗಿಂತ ಬಹಳ ಬಿಗಿ.

ಡಿಫರೆನ್ಷಿಯಲ್‌ಗೆ ಸಂಬಂಧಿಸಿದ ರೋಟರಿಗಳಿಂದ ಶುರುಮಾಡಿ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನ ಗಾಲಿಗಿಂತ ಹೆಚ್ಚು ದೂರ ಉರುಳಬೇಕು. ಹಿಂದಿನ ಎರಡು ಗಾಲಿಗಳನ್ನು ಎಷ್ಟು ಬಿಗಿಯಾಗಿ ಒಂದಕ್ಕೊಂದು ಕಟ್ಟಬೇಕೆಂಬುದನ್ನು ಡಿಫರೆನ್ಷಿಯಲ್ ನಿರ್ಧರಿಸುತ್ತದೆ. ತಿರುವಿನ ಒಳಹೊಗುವಾಗ, ನಡುವಿನಲ್ಲಿ, ಹೊರಬರುವಾಗ ಈ ಬಿಗಿ ಬೇರೆ ಬೇರೆಯಾಗಿರಬೇಕಾದ್ದರಿಂದ ಪ್ರತ್ಯೇಕ ಹೊಂದಾಣಿಕೆಗಳನ್ನು ಕೊಟ್ಟಿರುತ್ತಾರೆ. ಒಳಹೊಗುವಾಗ ಕಾರಿನ ಹಿಂಭಾಗ ಅಲುಗಾಡಿದರೆ ಪ್ರವೇಶದ ಬಿಗಿ ಹೆಚ್ಚಿಸಿ; ನಡುವಿನಲ್ಲಿ ಕಾರಿನ ಮೂತಿ ತಿರುಗಲು ಒಪ್ಪದಿದ್ದರೆ ನಡುವಿನ ಬಿಗಿ ಸಡಿಲಿಸಿ; ಹೊರಬರುವಾಗ ಒಳಗಿನ ಗಾಲಿ ಮಾತ್ರ ವ್ಯರ್ಥವಾಗಿ ತಿರುಗುತ್ತಿದ್ದರೆ ನಿರ್ಗಮನದ ಬಿಗಿ ಹೆಚ್ಚಿಸಿ. ಒಂದು ಸಲಕ್ಕೆ ಒಂದೇ ಸ್ಥಾನ ಬದಲಿಸಿ, ಮುಂದಿನ ಸುತ್ತಿನಲ್ಲಿ ಅದೇ ತಿರುವಿನಲ್ಲಿ ಪರೀಕ್ಷಿಸಬೇಕೆಂಬುದು ನನ್ನ ಗಟ್ಟಿಯಾದ ಸಲಹೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಎಂದಿಗೂ ತಿಳಿಯುವುದಿಲ್ಲ.

ಆಮೇಲಿನದು ಇಂಧನ ಮತ್ತು ವಿದ್ಯುತ್ ಬಲದ ರೋಟರಿ. ಇದಕ್ಕೆ ತಂಡಗಳು ಸ್ಟ್ರ್ಯಾಟ್, ಮೋಡ್ ಎಂದು ಬೇರೆ ಬೇರೆ ಹೆಸರಿಟ್ಟಿವೆ. 2025ರವರೆಗಿನ ನಿಯಮದಲ್ಲಿ ಬ್ಯಾಟರಿಯಿಂದ ಎಂಜಿಯು-ಕೆ ಎಂಬ ವಿದ್ಯುತ್ ಮೋಟರಿಗೆ ಒಂದು ಸುತ್ತಿನಲ್ಲಿ ಗರಿಷ್ಠ 4 ಮೆಗಾಜೂಲ್ ಹರಿಸಬಹುದಿತ್ತು, ಮೋಟರಿನ ಗರಿಷ್ಠ ಬಲ 120 ಕಿಲೋವ್ಯಾಟ್. ಭಾಗಿಸಿ ನೋಡಿದರೆ ಸುತ್ತೊಂದಕ್ಕೆ ಸುಮಾರು 33 ಸೆಕೆಂಡಿನ ಪೂರ್ಣಬಲ. ಆ ಬಲವನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಿ ಬ್ಯಾಟರಿ ತುಂಬಿಸಿಕೊಳ್ಳಬೇಕು ಎಂಬ ಯೋಜನೆಯನ್ನು ಇಂಜಿನಿಯರುಗಳು ಮೊದಲೇ ಬರೆದಿಟ್ಟು ಒಂದೊಂದು ಸ್ಥಾನಕ್ಕೆ ಒಂದೊಂದನ್ನು ತುಂಬಿರುತ್ತಾರೆ. ಚಾಲಕ ಸ್ಥಾನವನ್ನು ಆರಿಸುತ್ತಾನೆ ಅಷ್ಟೆ. 2026ರಲ್ಲಿ ಮೋಟರಿನ ಬಲ 350 ಕಿಲೋವ್ಯಾಟ್‌ಗೆ ಏರಿದ್ದರಿಂದ ಈ ಆಯ್ಕೆಯ ತೂಕವೂ ಹೆಚ್ಚಿದೆ.

ಇಂಜಿನ್ ಬ್ರೇಕಿಂಗ್ ರೋಟರಿ ಆ್ಯಕ್ಸಲರೇಟರ್ ಬಿಟ್ಟಾಗ ಹಿಂದಿನ ಗಾಲಿಗಳನ್ನು ಇಂಜಿನ್ ಎಷ್ಟು ಹಿಡಿದಿಡಬೇಕೆಂಬುದನ್ನು ಹೇಳುತ್ತದೆ. ಟೈರಿನ ರೋಟರಿ ಯಾವ ಬಗೆಯ ಟೈರು ಹಾಕಿದೆ ಎಂಬುದನ್ನು ವ್ಯವಸ್ಥೆಗೆ ತಿಳಿಸುತ್ತದೆ. ಭಾರಿ ಮಳೆಯ ಟೈರಿನ ವ್ಯಾಸ ಒಣ ಟೈರಿಗಿಂತ ಹೆಚ್ಚಾದ್ದರಿಂದ ಇದು ತಪ್ಪಾದರೆ ವೇಗದ ಲೆಕ್ಕವೇ ತಪ್ಪುತ್ತದೆ.

ಉಳಿದದ್ದು ಕೆಳನಡುವಿನ ದೊಡ್ಡ ರೋಟರಿ. ಇದನ್ನು ಮೆನು ಎಂದು ತಿಳಿಯಿರಿ. ಇದನ್ನು ಒಂದು ವಿಷಯಕ್ಕೆ ತಿರುಗಿಸಿ, ಆಮೇಲೆ ಒಂದು ಅಥವಾ ಹತ್ತು ಕೂಡಿಸುವ ಗುಂಡಿಗಳಿಂದ ಸಂಖ್ಯೆ ತುಂಬುತ್ತಾರೆ. ಓಟದ ನಡುವೆ ಯಾವುದೋ ಸೆನ್ಸರ್ ಕೆಟ್ಟರೆ ಇಂಜಿನಿಯರ್ ರೇಡಿಯೊದಲ್ಲಿ ಒಂದು ಸಂಖ್ಯೆ ಹೇಳುತ್ತಾನೆ. ಚಾಲಕ ಅದನ್ನು ತುಂಬಿದರೆ ಆ ಸೆನ್ಸರನ್ನು ನಂಬಬೇಡವೆಂದು ವ್ಯವಸ್ಥೆಗೆ ಆದೇಶ ಹೋಗುತ್ತದೆ. ಇದು ಮೂರನೆಯ ವಲಯ. ತಾನಾಗಿ ಮುಟ್ಟುವಂಥದ್ದಲ್ಲ.

ಈ ವಲಯದ ಕಷ್ಟ ಎಂಥದ್ದೆಂಬುದು 2016ರಲ್ಲಿ ಅಜರ್‌ಬೈಜಾನಿನ ಬಾಕು ನಗರದಲ್ಲಿ ನಡೆದ ಓಟದಲ್ಲಿ ಎಲ್ಲರಿಗೂ ಕಂಡಿತು. ಚಾಲಕ ಯಾರ ನೆರವೂ ಇಲ್ಲದೆ ಕಾರು ಓಡಿಸಬೇಕೆಂಬ ನಿಯಮದಡಿ ಆ ವರ್ಷ ರೇಡಿಯೊ ಸೂಚನೆಗಳಿಗೆ ಬಿಗಿಯಾದ ನಿರ್ಬಂಧವಿತ್ತು. ಮರ್ಸಿಡಿಸ್ ತಂಡದ ಲೂಯಿಸ್ ಹ್ಯಾಮಿಲ್ಟನ್ ಕಾರಿನಲ್ಲಿ ಬಲದ ಮೋಡ್ ತಪ್ಪಾಗಿ ಕುಳಿತಿತ್ತು. ಇಂಜಿನಿಯರಿಗೆ ಪರಿಹಾರ ಗೊತ್ತಿದ್ದರೂ ಹೇಳುವಂತಿರಲಿಲ್ಲ. ಎರಡು ಕಡೆ ಗೋಡೆಯಿರುವ ಬೀದಿ ಟ್ರ್ಯಾಕಿನಲ್ಲಿ ಅವರು ಸುತ್ತು ಸುತ್ತಿಗೂ ಚಕ್ರವನ್ನು ನೋಡುತ್ತ ಸ್ಥಾನಗಳನ್ನು ಹುಡುಕಬೇಕಾಯಿತು. ಇಂಥದ್ದೇ ತೊಂದರೆ ಬಂದಿದ್ದ ಅದೇ ತಂಡದ ಇನ್ನೊಬ್ಬ ಚಾಲಕ ನಿಕೊ ರಾಸ್ಬರ್ಗ್ ಬೇಗ ಸರಿಪಡಿಸಿಕೊಂಡು ಓಟ ಗೆದ್ದರು, ಹ್ಯಾಮಿಲ್ಟನ್ ಐದನೆಯವರಾದರು. ಅದೇ ವರ್ಷದ ಜರ್ಮನಿ ಓಟದ ಹೊತ್ತಿಗೆ ನಿರ್ಬಂಧವನ್ನು ಸಡಿಲಿಸಿದರು.

ಐದನೆಯ ಹಂತ: ಪರದೆ ಮತ್ತು ದೀಪಗಳು

ನಡುವಿನ ಪರದೆಯ ಮೇಲೆ ಎಷ್ಟೋ ಪುಟಗಳಿರಬಹುದು, ಆದರೆ ಓಡುವಾಗ ನೋಡಬೇಕಾದ್ದು ನಾಲ್ಕೈದು ಅಂಕಿಗಳನ್ನು ಮಾತ್ರ: ಗೇರು, ಬ್ಯಾಟರಿಯ ಮಟ್ಟ, ಬ್ರೇಕ್ ಹಂಚಿಕೆ, ಹಿಂದಿನ ಉತ್ತಮ ಸುತ್ತಿಗೆ ಹೋಲಿಸಿದ ಅಂತರ. ಪರದೆಯ ಮೇಲಂಚಿನ ದೀಪಗಳ ಸಾಲು ಗೇರು ಬದಲಿಸುವ ಹೊತ್ತನ್ನು ಹೇಳುತ್ತದೆ. ಬಣ್ಣಗಳು ಒಂದರ ಹಿಂದೊಂದು ಹತ್ತುತ್ತ ಬಂದು ಕೊನೆಯ ಬಣ್ಣ ತುಂಬಿದಾಗ ಬಲಗೈ ಬೆರಳು ಎಳೆಯಬೇಕು. ಅನುಭವಿಗಳು ಈ ದೀಪಗಳನ್ನು ನೇರವಾಗಿ ನೋಡುವುದಿಲ್ಲ. ಬೀದಿಯಲ್ಲಿ ನಡೆಯುವಾಗ ಬದಿಯಿಂದ ಬರುವ ಸೈಕಲ್ಲು ಕಣ್ಣಂಚಿಗೆ ತಿಳಿಯುವಂತೆ ಅವರಿಗೆ ಬಣ್ಣ ತಿಳಿಯುತ್ತದೆ. ಪರದೆಯ ಎರಡು ಬದಿಯ ದೀಪಗಳು ಹಳದಿ (ಮುಂದೆ ಅಪಾಯ), ಕೆಂಪು (ಓಟ ನಿಂತಿದೆ), ನೀಲಿ (ಹಿಂದಿನ ವೇಗದ ಕಾರಿಗೆ ದಾರಿ ಬಿಡಿ) ಬಾವುಟಗಳ ಸುದ್ದಿಯನ್ನು ತರುತ್ತವೆ. 2015ರಿಂದ ಬಳಕೆಗೆ ಬಂದ ವರ್ಚುವಲ್ ಸೇಫ್ಟಿ ಕಾರ್ (ಟ್ರ್ಯಾಕಿನಲ್ಲಿ ಅಪಾಯವಿದ್ದಾಗ ಎಲ್ಲರೂ ವೇಗ ತಗ್ಗಿಸಬೇಕೆಂಬ ಆದೇಶ) ಜಾರಿಯಾದಾಗ ನಿಗದಿತ ಸಮಯಕ್ಕಿಂತ ಬೇಗ ಹೋಗುತ್ತಿದ್ದೀರೋ ಇಲ್ಲವೋ ಎಂಬುದೂ ಪರದೆಯ ಮೇಲೆಯೇ ಬರುತ್ತದೆ, ಆಗ ಆ ಒಂದು ಅಂಕಿಯನ್ನು ಬಿಟ್ಟು ಬೇರೇನೂ ಮುಖ್ಯವಲ್ಲ.

ಆರನೆಯ ಹಂತ: ಓಟದ ಆರಂಭವನ್ನು ಕೈಯಿಂದ ಮಾಡುವುದು

ಇಲ್ಲಿಗೆ ಚಕ್ರದ ಭಾಗಗಳು ಪರಿಚಯವಾದವು. ಇನ್ನು ಅವುಗಳನ್ನು ಜೋಡಿಸಿ ಬಳಸಬೇಕು. ಫಾರ್ಮೇಷನ್ ಸುತ್ತು (ಓಟಕ್ಕೆ ಮುಂಚಿನ ನಿಧಾನದ ಸುತ್ತು) ಮುಗಿಸಿ, ಕಾರುಗಳು ಸಾಲಾಗಿ ನಿಂತು ಹೊರಡುವ ಗ್ರಿಡ್‌ನ ಗುರುತಿನಲ್ಲಿ ನಿಂತಾಗ ಚಾಲಕ ಆರಂಭದ ಮೋಡ್ ಆರಿಸಿ, ಕ್ಲಚ್ ಪ್ಯಾಡಲನ್ನು ಪೂರ್ತಿ ಎಳೆದು ಮೊದಲ ಗೇರು ಹಾಕಿಕೊಳ್ಳುತ್ತಾನೆ. ಐದು ಕೆಂಪು ದೀಪಗಳು ಒಂದೊಂದಾಗಿ ಹತ್ತುತ್ತಿರುವಾಗ ಆ್ಯಕ್ಸಲರೇಟರನ್ನು ಪರದೆಯ ಮೇಲಿನ ಗುರಿಮಟ್ಟಕ್ಕೆ ತಂದು ಅಲ್ಲಿಯೇ ಹಿಡಿಯಬೇಕು. ದೀಪಗಳು ಆರಿದ ಕ್ಷಣ ಪ್ಯಾಡಲನ್ನು ಕ್ಲಚ್ ಕಚ್ಚುವ ಬಿಂದುವಿಗೆ ಬಿಡಬೇಕು, ಗಾಲಿ ಹಿಡಿತ ಕಂಡುಕೊಂಡಂತೆ ಉಳಿದದ್ದನ್ನು ನಿಧಾನವಾಗಿ ಬಿಟ್ಟುಬಿಡಬೇಕು. ಹಿಂದೆ ಎರಡು ಕ್ಲಚ್ ಪ್ಯಾಡಲ್‌ಗಳನ್ನು ಎರಡು ಹಂತವಾಗಿ ಬಿಡುವ ಉಪಾಯವಿತ್ತು: ಒಂದನ್ನು ಕಚ್ಚುವ ಬಿಂದುವಿಗೆ ಮೊದಲೇ ಹೊಂದಿಸಿಟ್ಟು ಇನ್ನೊಂದನ್ನು ಥಟ್ಟನೆ ಬಿಟ್ಟರೆ ಸಾಕಿತ್ತು. 2016ರಿಂದ ಆರಂಭಕ್ಕೆ ಒಂದೇ ಪ್ಯಾಡಲ್ ಬಳಸಬೇಕಾಗಿ ಬಂದ ಮೇಲೆ ಎಲ್ಲವೂ ಬೆರಳಿನ ಸೂಕ್ಷ್ಮಕ್ಕೆ ಬಿಟ್ಟದ್ದಾಯಿತು. ನಿಂತಲ್ಲಿಂದ ಹೊರಟ ಕಾರು ಗಂಟೆಗೆ 100 ಕಿ.ಮೀ. ವೇಗ ಮುಟ್ಟುವವರೆಗೆ ವಿದ್ಯುತ್ ಮೋಟರಿನ ಬಲವನ್ನು ಬಳಸುವಂತಿಲ್ಲವೆಂಬ ನಿಯಮವೂ 2025ರವರೆಗೆ ಇದ್ದುದರಿಂದ ಮೊದಲ ಕೆಲವು ಸೆಕೆಂಡುಗಳು ಪೂರ್ತಿಯಾಗಿ ಕ್ಲಚ್ ಬೆರಳಿನವೇ.

ಹಬೆಯಾಡುವ ಬಟ್ಟಲನ್ನು ಮೇಜಿನ ಮೇಲಿಡುವಾಗ ಕೊನೆಯ ಅರ್ಧ ಅಂಗುಲದಲ್ಲಿ ಕೈ ತಾನಾಗಿಯೇ ನಿಧಾನವಾಗುತ್ತದಲ್ಲ, ಕಚ್ಚುವ ಬಿಂದುವಿನ ನಂತರ ಪ್ಯಾಡಲ್ ಬಿಡುವ ಗತಿ ಹಾಗಿರಬೇಕು. ಸಿಮ್ಯುಲೇಟರಿನಲ್ಲಿ ಇದನ್ನು ಕಲಿಯಲು ನನಗೆ ಉಳಿದೆಲ್ಲ ಗುಂಡಿಗಳಿಗಿಂತ ಹೆಚ್ಚು ದಿನ ಹಿಡಿಯಿತು.

ಏಳನೆಯ ಹಂತ: ಮೊಂಜಾದಲ್ಲಿ ಒಂದು ಸುತ್ತು

ಅಭ್ಯಾಸಕ್ಕೆ ಇಟಲಿಯ ಮೊಂಜಾ ಟ್ರ್ಯಾಕನ್ನು ಆರಿಸಿಕೊಳ್ಳಿ. 5.793 ಕಿ.ಮೀ. ಉದ್ದಕ್ಕೆ ಹನ್ನೊಂದೇ ತಿರುವುಗಳಿರುವುದರಿಂದ ಗುಂಡಿಗಳಿಗೆ ಬಿಡುವು ಸಿಗುತ್ತದೆ, ಆದರೆ ಪ್ರತಿ ಬ್ರೇಕಿಂಗ್ ಜಾಗಕ್ಕೂ ಬೇರೆ ಬೇರೆ ಹೊಂದಾಣಿಕೆ ಬೇಕಾಗುತ್ತದೆ.

ಮುಖ್ಯ ನೇರ ಹಾದಿಯಲ್ಲಿ, ಕಾರಿನ ಮೂತಿ ನೆಟ್ಟಗಾದ ಮೇಲೆ, ಡಿಆರ್‌ಎಸ್ ಸಿಗುವ ಹಾಗಿದ್ದರೆ ಒತ್ತಿ. ಆಮೇಲೆ ಬ್ರೇಕ್ ಹಂಚಿಕೆಯನ್ನು ಒಂದೆರಡು ಒತ್ತು ಮುಂದಕ್ಕೆ ಸರಿಸಿ, ಪರದೆಯ ಅಂಕಿಯನ್ನು ಒಮ್ಮೆ ನೋಡಿ. ಗಂಟೆಗೆ 330 ಕಿ.ಮೀ. ಮೀರಿದ ವೇಗದಿಂದ ಮೊದಲ ತಿರುವಾದ ರೆಟ್ಟಿಫಿಲೊಗೆ ಬರುವಾಗ ಎಂಟರಿಂದ ಕೆಳಗಿನ ಗೇರುಗಳಿಗೆ ಎಡ ಪ್ಯಾಡಲನ್ನು ಒಂದೇ ಸಮನೆ ಎಳೆಯುತ್ತ ಇಳಿಯಬೇಕು; ಈ ಹೊತ್ತಿನಲ್ಲಿ ಬೇರೆ ಯಾವ ಗುಂಡಿಗೂ ಜಾಗವಿಲ್ಲ. ಅಲ್ಲಿಂದ ಹೊರಬಂದು ಕುರ್ವಾ ಗ್ರಾಂಡೆಯ ಉದ್ದನೆಯ ಬಾಗಿನಲ್ಲಿ ಚಕ್ರ ತಿರುಗಿಯೇ ಇರುತ್ತದೆ, ಆದರೂ ಹೆಬ್ಬೆರಳು ಬಿಡುವಾಗಿರುತ್ತದೆ. ರೋಜಾಕ್ಕೆ ಬೇಕಾದ ಬ್ರೇಕ್ ಹಂಚಿಕೆಯನ್ನು ಇಲ್ಲಿಯೇ ಹೊಂದಿಸಿಕೊಳ್ಳಿ. ಎರಡು ಲೆಸ್ಮೊ ತಿರುವುಗಳ ನಡುವೆ ಏನನ್ನೂ ಮುಟ್ಟಬೇಡಿ. ಎರಡನೆಯ ಲೆಸ್ಮೊ ದಾಟಿದ ಮೇಲೆ ಬರುವ ನೇರ ಹಾದಿ ಈ ಸುತ್ತಿನ ಅತ್ಯುತ್ತಮ ಬಿಡುವು: ಡಿಆರ್‌ಎಸ್, ಡಿಫರೆನ್ಷಿಯಲ್, ಬೇಕಿದ್ದರೆ ಒಂದು ಗುಟುಕು ನೀರು. ಆಸ್ಕರಿಯಲ್ಲಿ ವೇಗ ಪೂರ್ತಿ ಇಳಿಯುವುದಿಲ್ಲ, ಕಾರು ಎಡಕ್ಕೂ ಬಲಕ್ಕೂ ಬೇಗ ಬೇಗ ವಾಲುತ್ತದೆ. ಹಿಂಭಾಗ ಅಲುಗಿದ್ದು ಅನುಭವಕ್ಕೆ ಬಂದರೆ ಸರಿಪಡಿಸಬೇಕಾದ್ದು ಮುಂದಿನ ಸುತ್ತಿನಲ್ಲಿ, ಅಲ್ಲಿಯೇ ಅಲ್ಲ. ಕೊನೆಯ ಪರಬೋಲಿಕಾದಿಂದ ಹೊರಡುವಾಗ, ಮುಂದಿನ ಕಾರನ್ನು ಹಿಡಿಯಬೇಕಿದ್ದರೆ, ಬ್ಯಾಟರಿಯ ಪೂರ್ಣಬಲದ ಗುಂಡಿ.

ಮೊದಲ ಹತ್ತು ಸುತ್ತುಗಳಲ್ಲಿ ಬ್ರೇಕ್ ಹಂಚಿಕೆಯನ್ನು ಮಾತ್ರ ಮುಟ್ಟಿ. ಅದು ಯೋಚನೆಯಿಲ್ಲದೆ ಆಗುವಂತಾದ ಮೇಲೆ ಡಿಫರೆನ್ಷಿಯಲ್ ಸೇರಿಸಿ, ಅದಾದ ಮೇಲೆ ಬಲದ ಮೋಡ್.

ಎಂಟನೆಯ ಹಂತ: ಪಿಟ್‌ಗೆ ಬಂದು ಹೋಗುವುದು

ರೇಡಿಯೊದಲ್ಲಿ "ಬಾಕ್ಸ್, ಬಾಕ್ಸ್" (ಪಿಟ್‌ಗೆ ಬಾ) ಎಂದು ಕೇಳಿದೊಡನೆ ಖಚಿತಪಡಿಸುವ ಗುಂಡಿ ಒತ್ತಿ. ಪಿಟ್ ಹಾದಿಯ ಗೆರೆಗೆ ಬರುವ ಮುನ್ನವೇ ಬ್ರೇಕ್ ಒತ್ತಿ ವೇಗ ಇಳಿಸಿ, ವೇಗಮಿತಿಯ ಗುಂಡಿಯನ್ನು ಒತ್ತಬೇಕು. ಈ ಗುಂಡಿ ತಾನಾಗಿ ಬ್ರೇಕ್ ಹಾಕುವುದಿಲ್ಲ, ಇಳಿಸಿದ ವೇಗ ಮೇಲೇರದಂತೆ ಹಿಡಿಯುತ್ತದೆ ಅಷ್ಟೆ. ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಹೆಚ್ಚಿನ ಕಡೆ ಮಿತಿ ಗಂಟೆಗೆ 80 ಕಿ.ಮೀ., ಮೊನಾಕೊದಂಥ ಇಕ್ಕಟ್ಟಿನ ಜಾಗಗಳಲ್ಲಿ 60. ತಂಡದವರ ಮುಂದೆ ನಿಂತಾಗ ಕ್ಲಚ್ ಎಳೆದು ಮೊದಲ ಗೇರಿನಲ್ಲಿ ಸಿದ್ಧವಾಗಿರಬೇಕು. 2023ರ ಕತಾರ್ ಓಟದಲ್ಲಿ ಮೆಕ್ಲಾರೆನ್ ತಂಡ ನಾಲ್ಕು ಟೈರುಗಳನ್ನು 1.80 ಸೆಕೆಂಡಿನಲ್ಲಿ ಬದಲಿಸಿತ್ತು. ಅಷ್ಟರೊಳಗೆ ನ್ಯೂಟ್ರಲ್ಲಿನಿಂದ ಗೇರು ಹುಡುಕುತ್ತ ಕೂರಲು ಸಮಯವೆಲ್ಲಿ? ಹೊರಡುವ ದೀಪ ಹಸಿರಾದಾಗ ಪ್ಯಾಡಲ್ ಬಿಟ್ಟು, ಹೊರಗಿನ ಗೆರೆ ದಾಟಿದ ಮೇಲೆ ವೇಗಮಿತಿಯ ಗುಂಡಿಯನ್ನು ಮತ್ತೊಮ್ಮೆ ಒತ್ತಿ ಬಿಡಿಸಿಕೊಳ್ಳಬೇಕು.

ಕೈತಪ್ಪಿ ಒತ್ತುವ ಗುಂಡಿಗಳಿಂದ ಕಾಪಾಡಿಕೊಳ್ಳುವುದು

2021ರ ಜೂನ್ 6ರಂದು ಬಾಕುವಿನಲ್ಲೇ ನಡೆದ ಮತ್ತೊಂದು ಘಟನೆಯನ್ನು ಈ ವಿದ್ಯೆ ಕಲಿಯುವ ಎಲ್ಲರೂ ಬಿಡಿಬಿಡಿಯಾಗಿ ನೋಡಬೇಕು. ಮ್ಯಾಕ್ಸ್ ವೆರ್‌ಸ್ಟಾಪನ್ ಕಾರಿನ ಟೈರು ಒಡೆದು ಓಟ ನಿಂತಿತ್ತು. ಉಳಿದ ಎರಡು ಸುತ್ತುಗಳಿಗೆ ಗ್ರಿಡ್‌ನಿಂದ ಮತ್ತೆ ಹೊರಡಬೇಕಿತ್ತು. ಹ್ಯಾಮಿಲ್ಟನ್ ಎರಡನೆಯ ಸ್ಥಾನದಲ್ಲಿದ್ದರು. ಅವರ ಚಕ್ರದಲ್ಲಿ ಬ್ರೇಕ್ ಬಲವನ್ನು ಬಹುಪಾಲು ಮುಂದಕ್ಕೆ ದೂಡುವ ಒಂದು ಗುಂಡಿ ಇತ್ತು, ತಂಡದವರು ಅದನ್ನು ಬ್ರೇಕ್ ಮ್ಯಾಜಿಕ್ ಎನ್ನುತ್ತಿದ್ದರು. ನಿಧಾನವಾಗಿ ಸುತ್ತುವಾಗ ಮುಂದಿನ ಬ್ರೇಕ್ ಮತ್ತು ಟೈರುಗಳನ್ನು ಬಿಸಿಯಾಗಿಡಲು ಅದರ ಬಳಕೆ. ಹೊರಟ ಕೂಡಲೆ ಸರ್ಜಿಯೊ ಪೆರೆಜ್ ಕಾರು ಅವರ ಕಡೆಗೆ ಸರಿಯಿತು, ತಪ್ಪಿಸಿಕೊಳ್ಳುತ್ತ ಗೇರು ಬದಲಿಸುವಾಗ ಬೆರಳು ಆ ಗುಂಡಿಗೆ ತಾಗಿ ಅದು ಚಾಲೂ ಆಯಿತು. ಮೊದಲ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂದಿನ ಗಾಲಿಗಳು ಜಾಮಾಗಿ ಹೊಗೆಯೆಬ್ಬಿಸುತ್ತ ಕಾರು ನೆಟ್ಟಗೆ ಹೊರಹಾದಿಗೆ ಹೋಯಿತು. ಪೆರೆಜ್ ಗೆದ್ದರು, ಹ್ಯಾಮಿಲ್ಟನ್ 15ನೆಯವರಾದರು. ಅಷ್ಟು ಅನುಭವಿ ಚಾಲಕನನ್ನು ದೂರುವುದಕ್ಕಿಂತ, ಮೂರನೆಯ ವಲಯದ ಕೆಲಸವೊಂದು ಮೊದಲ ವಲಯದ ಬೆರಳಿಗೆ ಸಿಗುವಂತಿದ್ದದ್ದೇ ತಪ್ಪು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಮನೆಯ ಸಿಮ್ಯುಲೇಟರ್ ಚಕ್ರದಲ್ಲೂ ಇದನ್ನೇ ಪಾಲಿಸಿ. ಬ್ರೇಕ್ ಹಂಚಿಕೆಯ ಎರಡು ದಿಕ್ಕುಗಳನ್ನು ಹೆಬ್ಬೆರಳಿಗೆ ಅತಿ ಹತ್ತಿರದ ಗುಂಡಿಗಳಿಗೆ ಕೊಡಿ. ಪಿಟ್ ವೇಗಮಿತಿಯನ್ನು ಬೇಕೆಂದೇ ಕೈಚಾಚಿದರೆ ಮಾತ್ರ ಸಿಗುವ ಜಾಗಕ್ಕೆ ಕಳಿಸಿ. ತಿರುವಿನ ನಡುವೆ ಅದನ್ನು ಒತ್ತಿ, ಹಿಂದಿದ್ದವರೆಲ್ಲ ನನ್ನ ಮೇಲೆ ಬಂದು ಬಿದ್ದದ್ದು ನನಗೆ ಇನ್ನೂ ನೆನಪಿದೆ. ನಿಜವಾದ ಚಕ್ರಗಳಲ್ಲಿ ಗುಂಡಿಯ ಸುತ್ತ ಎತ್ತರದ ಬಳೆಯಂಥ ಅಂಚು ಇರುತ್ತದೆ, ಬೆರಳನ್ನು ನೇರವಾಗಿ ಇಳಿಸಿದರೆ ಮಾತ್ರ ಒತ್ತಲಾಗುತ್ತದೆ. ನಾನು ಹಳೆಯ ಸೈಕಲ್ ಟ್ಯೂಬನ್ನು ಉಂಗುರದಂತೆ ಕತ್ತರಿಸಿ ಅಂಟಿಸಿಕೊಂಡೆ. ನೋಡದೆ ಗುರುತಿಸಬೇಕಾದ ಗುಂಡಿಯ ಮೇಲೆ ಅಕ್ಕನ ಹರಳಿನ ಬಿಂದಿಯೊಂದನ್ನು ಅಂಟಿಸಿದೆ; ಹರಳು ಬೆರಳಿಗೆ ತಾಗಿದೊಡನೆ ಅದು ಯಾವ ಗುಂಡಿಯೆಂದು ತಿಳಿಯುತ್ತದೆ.

ಜೋಡಣೆ ಮುಗಿದ ಮೇಲೆ ಕಾರನ್ನು ಓಡಿಸದೆ ಅಭ್ಯಾಸ ಮಾಡಿ. ಕೈಗವಸು ಹಾಕಿಕೊಂಡು, ಕಣ್ಣು ಮುಚ್ಚಿ ಕೂತು, ಮನೆಯವರಲ್ಲಿ ಯಾರನ್ನಾದರೂ ಗುಂಡಿಗಳ ಹೆಸರನ್ನು ಹಿಂದುಮುಂದಾಗಿ ಕೂಗಲು ಹೇಳಿ. ಹತ್ತು ನಿಮಿಷ ತಪ್ಪಿಲ್ಲದೆ ಬಂದರೆ ಚಕ್ರವನ್ನು ಬಲಕ್ಕೆ ಕಾಲು ಸುತ್ತು ತಿರುಗಿಸಿ ಹಿಡಿದು ಮತ್ತೆ ಅದನ್ನೇ ಮಾಡಿ, ಏಕೆಂದರೆ ತಿರುಗಿದ ಚಕ್ರದಲ್ಲಿ ಎಡಗಡೆಯ ಗುಂಡಿ ಮೇಲೆ ಬಂದಿರುತ್ತದೆ. ಎಫ್1 ಚಕ್ರ ಅತಿಯಾಯಿತೆನಿಸಿದರೆ ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಸೋದರರು ಓಡಿಸಿದಂಥ, ಎಫ್1ಗಿಂತ ಒಂದು ಮೆಟ್ಟಿಲು ಕೆಳಗಿನ ಎಫ್2 ಕಾರಿನಿಂದ ಆರಂಭಿಸಬಹುದು. ಅದರಲ್ಲಿ ಹೈಬ್ರಿಡ್ ವ್ಯವಸ್ಥೆಯಿಲ್ಲದ್ದರಿಂದ ವಿದ್ಯುತ್ ಬಲದ ಮೋಡ್‌ಗಳ ತಲೆನೋವಿಲ್ಲ, ಆದರೆ ಗೇರು ಮತ್ತು ಕ್ಲಚ್ ಪ್ಯಾಡಲ್‌ಗಳೂ ವೇಗಮಿತಿಯ ಗುಂಡಿಯೂ ಅದರಲ್ಲಿಯೂ ಇವೆ.

ಕೊನೆಯ ಹಂತ: ಚಕ್ರವನ್ನು ಬಿಚ್ಚಿ ಇಳಿಯುವುದು

ಕಾರಿನೊಳಗಿನ ಜಾಗ ಎಷ್ಟು ಇಕ್ಕಟ್ಟೆಂದರೆ ಚಕ್ರವನ್ನು ಕಳಚದೆ ಚಾಲಕ ಒಳಗೆ ಕೂರಲೂ ಆಗುವುದಿಲ್ಲ, ಹೊರಗೆ ಬರಲೂ ಆಗುವುದಿಲ್ಲ. ಕಾರು ನಿಂತ ಮೇಲೆ ನ್ಯೂಟ್ರಲ್ ಗುಂಡಿ ಒತ್ತಿ, ಇಂಜಿನ್ ನಿಲ್ಲಿಸಿ. ಚಕ್ರದ ಹಿಂದೆ, ಸ್ಟಿಯರಿಂಗ್ ದಂಡದ ಸುತ್ತ ಒಂದು ಬಳೆ ಇರುತ್ತದೆ. ಎರಡೂ ಕೈಬೆರಳುಗಳಿಂದ ಅದನ್ನು ನಿಮ್ಮ ಕಡೆಗೆ ಎಳೆದರೆ ಚಕ್ರ ಕಳಚಿ ಕೈಗೆ ಬರುತ್ತದೆ. ಚಕ್ರವನ್ನು ಕಾರಿನ ಮೇಲಿಟ್ಟು, ಬೆಲ್ಟ್ ಬಿಚ್ಚಿ, ಚಾಲಕನ ತಲೆ ಕಾಯುವ ಹಾಲೊ ಚೌಕಟ್ಟನ್ನು ಹಿಡಿದು ಎದ್ದು ಬರಬೇಕು. ಪೂರ್ಣ ಉಡುಪಿನಲ್ಲಿ, ಬೆಲ್ಟ್ ಕಟ್ಟಿಕೊಂಡ ಸ್ಥಿತಿಯಿಂದ ಚಕ್ರ ಕಳಚಿ ಹೊರಬರಲು ನಿಯಮ ಕೊಡುವ ಸಮಯ 7 ಸೆಕೆಂಡು, ಇಳಿದು ಚಕ್ರವನ್ನು ಮತ್ತೆ ಕೂರಿಸುವುದೂ ಸೇರಿ ಒಟ್ಟು 12 ಸೆಕೆಂಡು. ಕೆಟ್ಟು ನಿಂತ ಕಾರನ್ನು ಟ್ರ್ಯಾಕಿನ ಸಿಬ್ಬಂದಿ ದೂಡಿಕೊಂಡು ಹೋಗುವಾಗ ಮುಂದಿನ ಗಾಲಿಗಳನ್ನು ತಿರುಗಿಸಲು ಚಕ್ರ ಬೇಕಾಗುತ್ತದೆ. ಆದ್ದರಿಂದ ಎಷ್ಟೇ ಸಿಟ್ಟು ಬಂದಿದ್ದರೂ ಅದನ್ನು ದಂಡಕ್ಕೆ ಒತ್ತಿ, ಬಳೆ ಟಕ್ಕೆಂದು ಕೂತದ್ದನ್ನು ಕೇಳಿಸಿಕೊಂಡೇ ಚಾಲಕ ಅಲ್ಲಿಂದ ಹೊರಡಬೇಕು.